ಕುರಿ ನೋಡುವ ಕಣ್ಣಲ್ಲಿ ತನ್ನ ಮೈ ನೋಡಿಕೊಂಡರೆ

ನನ್ನ ಅಕ್ಕನ ಮಗ ನಿಶ್ಚಯವಾಗಿದ್ದ ಮದುವೆಯನ್ನು ಬೇಡವೆಂದ. ಕಾರಣ ಕೇಳಿದರೆ ನೆಲ ನೋಡಿದ.

ಹುಡುಗಿ ಹೊರಗಿನವಳಲ್ಲ, ನನ್ನ ಅಣ್ಣನ ಮಗಳು. ಅವನಿಗೆ ನಾನು ಸೋದರಮಾವ, ಅವಳಿಗೆ ಕಾಕಾ. ಸಂಬಂಧ ಕೂಡಿಸಿದವನೂ ನಾನೇ. (ಅವನ ಹೆಸರು ಬೀರ, ಅವಳದು ಸಂಗವ್ವ ಎಂದಿಟ್ಟುಕೊಳ್ಳಿ. ನಿಜವಾದ ಹೆಸರುಗಳಲ್ಲ. ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ.)

ಗಂಡು ಒಲ್ಲೆ ಎಂದರೆ ಊರು ಏನನ್ನುತ್ತದೆ? ಗಂಡಿಗೇನಾಗಿದೆ ಎಂದು ಯಾರೂ ಕೇಳುವುದಿಲ್ಲ. ಹುಡುಗಿಯಲ್ಲೇ ಏನೋ ಕೊರತೆ ಎನ್ನುತ್ತದೆ. ಸಂಗವ್ವನಿಗೆ ಹತ್ತೊಂಬತ್ತು. ನಮ್ಮಲ್ಲಿ ಅದೇ ತಡ. ಬಾವಿಗೆ ಹೋದರೆ ಅವಳ ಬಣ್ಣದ ಮಾತು, ಮನೆಗೆ ಬಂದರೆ ಅವಳ ಕಾಲ್ಗುಣದ ಮಾತು. ಆಮೇಲೆ ನೋಡಲು ಬರುತ್ತೇವೆಂದಿದ್ದ ಕೊಡಂಗಲ್ಲಿನ ಇನ್ನೊಂದು ಮನೆಯವರು ಸುದ್ದಿ ಕೇಳಿ ಬರಲೇ ಇಲ್ಲ. ಅಣ್ಣ ನನ್ನೊಡನೆ ಮಾತು ಬಿಟ್ಟ.

ಜಹೀರಾಬಾದಿನ ಅಂಗಡಿ ಕೆಲಸಕ್ಕೆ ರಜೆ ಹೇಳಿ ಹೊರಟೆ. ನಾರಾಯಣಖೇಡದ ಕಡೆ ಒಂದು ಹೊಲದಲ್ಲಿ ಬೀರ ಕುರಿ ನಿಲ್ಲಿಸಿದ್ದ. ಬೈಯಬೇಕೆಂದೇ ಹೋಗಿದ್ದೆ.

ಅಲ್ಲಿ ಕಂಡದ್ದೇ ಬೇರೆ. ಜೊತೆಯ ಕುರುಬರು ಒಂದು ಕಡೆ ಕೂತು ಉಣ್ಣುತ್ತಿದ್ದರು. ಬೀರ ದೂರದ ಜಾಲಿ ಗಿಡದ ಕೆಳಗೆ ಒಬ್ಬನೇ ಇದ್ದ. ತಾಟು ಬೇರೆ, ನೀರಿನ ಗಡಿಗೆ ಬೇರೆ, ಕಂಬಳಿ ಬೇರೆ.

"ನಿಮ್ಮ ಅಳಿಯ ಸ್ವಾಮಿ ಆಗ್ಯಾನ್ರಿ. ನಮ್ಮ ಕೂಡ ಉಣ್ಣಾಂಗಿಲ್ಲ" ಎಂದು ಒಬ್ಬ ನಕ್ಕ.

ನಾನು ಹೋಗಿ ಪಕ್ಕದಲ್ಲಿ ಕೂತೆ. ಬೀರ ಸರಿದ. ನಾನೂ ಸರಿದೆ. ಅವನು ಇನ್ನಷ್ಟು ಸರಿದ.

"ಮಾವಾ, ಮುಟ್ಟಬ್ಯಾಡ. ನನಗ ಸಿಡುಬು ಹತ್ಯಾದ."

ಮುಖ ನೋಡಿದೆ, ಒಂದು ಕಲೆಯಿಲ್ಲ. ಹಣೆ ಮುಟ್ಟಿದೆ, ಜ್ವರವಿಲ್ಲ. ಎಲ್ಲಿದೆಯೋ ಎಂದೆ.

"ಉಣ್ಣೆ ಇಲ್ಲದ ಕಡಿ" ಎಂದ.

ಕುರಿ ಸಾಕದ ಓದುಗರಿಗೆ ಇದು ತಿಳಿಯಲಿಕ್ಕಿಲ್ಲ. ಕುರಿಗೆ ಸಿಡುಬು ಬಂದರೆ ಉಣ್ಣೆಯೊಳಗೆ ಬೇಗ ಕಾಣುವುದಿಲ್ಲ. ಅದಕ್ಕೇ ನಮ್ಮವರು ಟಗರನ್ನು ಕೆಡವಿ ಉಣ್ಣೆ ಇಲ್ಲದ ಕಡೆ, ಅಂದರೆ ಬಾಲದ ಅಡಿ, ತೊಡೆಯ ಸಂದು, ಬೀಜದ ಚೀಲ ನೋಡುತ್ತಾರೆ. ಅಲ್ಲಿ ಗುಳ್ಳೆ ಕಂಡರೆ ಟಗರು ಹಿಂಡಿನಿಂದ ಹೊರಗೆ. ನೀರು ಬೇರೆ, ಮೇವು ಬೇರೆ. ಹೆಣ್ಣು ಕುರಿಗಳ ಹತ್ತಿರ ಬಿಡುವ ಮಾತೇ ಇಲ್ಲ. ಒಳ್ಳೆಯ ಪದ್ಧತಿ. ಎಷ್ಟೋ ಹಿಂಡು ಉಳಿದದ್ದು ಇದರಿಂದಲೇ.

ಈ ಸಲ ಹಿಂಡಿಗೆ ಸಿಡುಬು ಬಂದಾಗ ದಿನವಿಡೀ ಟಗರು ಕೆಡವಿ ನೋಡಿದ ಬೀರ, ಹಳ್ಳದಲ್ಲಿ ಮೈ ತೊಳೆಯುವಾಗ ತನ್ನನ್ನೂ ನೋಡಿಕೊಂಡಿದ್ದಾನೆ. ಗುಪ್ತಾಂಗದ ತುದಿಯ ಅಂಚಿಗೆ ಸುತ್ತಲೂ ಸಣ್ಣ ಗುಳ್ಳೆ, ಗಸಗಸೆ ಸಾಲಾಗಿ ಅಂಟಿಸಿದಂತೆ. ನೋವಿಲ್ಲ, ತುರಿಕೆಯಿಲ್ಲ. ಮುಂಚಿನಿಂದಲೂ ಇದ್ದಿರಬೇಕು. ಆದರೆ ಮುಂಚೆ ಯಾರು ನೋಡಿಕೊಂಡಿದ್ದರು? ಟಗರಿಗೆ ಕೊಡುವ ತೀರ್ಪನ್ನೇ ತನಗೂ ಕೊಟ್ಟುಕೊಂಡ.

"ಆಕಿಗಿ ಹತ್ತಬಾರ್ದಂತ ಒಲ್ಲೆಂದೆ ಮಾವಾ."

ಬೈಯುವುದನ್ನು ಅಲ್ಲಿಗೇ ಬಿಟ್ಟೆ.

ದವಾಖಾನೆಗೆ ಹೋಗೋಣವೆಂದೆ. ಜಹೀರಾಬಾದ್ ಬೇಡವೆಂದ, ಅಲ್ಲಿನ ಕಂಪೌಂಡರ್ ಗುರುತಿನವನು. ಸರಿ, ತಾಂಡೂರಿಗೆ ಹೋದೆವು. ರೈಲಿನಲ್ಲಿ ಜಾಗ ಖಾಲಿಯಿದ್ದರೂ ಬೀರ ಬಾಗಿಲ ಹತ್ತಿರ ನಿಂತೇ ಬಂದ. ಯಾರಿಗೂ ತಾಗಬಾರದಲ್ಲ!

ನಿಜಾಮ ಸರ್ಕಾರದ ದವಾಖಾನೆ. ಡಾಕ್ಟರ್ ಸಾಹೇಬರು ವಯಸ್ಸಾದವರು. ಮನೆಮಾತು ಉರ್ದು, ಕನ್ನಡ ಅರ್ಧ ಬರುತ್ತದೆ. ಏನು ತಕಲೀಫು ಎಂದರು. ಹೊಟ್ಟೆನೋವು ಎಂದ ಬೀರ. ಹೊಟ್ಟೆ ಒತ್ತಿದರು, ನಾಲಿಗೆ ನೋಡಿದರು. ನಾನು ಕೆಮ್ಮಿದೆ. ಕಡೆಗೆ ಅವನು, ಟಗರಿಗೆ ಬರುವ ರೋಗ ಬಂದಿದೆ ಎಂದ. ಹಾಗಾದರೆ ದನದ ದವಾಖಾನೆಗೆ ಹೋಗು ಎಂದರು ಡಾಕ್ಟರ್, ನಗದೆ. ಬೀರ ನಿಜವಾಗಿಯೂ ಎದ್ದು ಹೊರಟ. (ಅಂಗಿ ಹಿಡಿದು ಕೂರಿಸಿದೆ.)

ಪರದೆ ಎಳೆದು ಕಿಟಕಿಯ ಬೆಳಕಿನಲ್ಲಿ ನೋಡಿದರು. ಮೊದಲು ಕೇಳಿದ್ದು, ಇದಕ್ಕೆ ಏನು ಹಚ್ಚಿದ್ದೀ ಎಂದು. ಬೇವಿನೆಣ್ಣೆಗೆ ಸುಣ್ಣ ಕಲಸಿ ಹಚ್ಚಿದ್ದನಂತೆ. ಚರ್ಮ ಸುಟ್ಟು ಕೆಂಪಾಗಿತ್ತು. ಅವರಿಗೆ ಸಿಟ್ಟು ಬಂದದ್ದು ಅದಕ್ಕೆ.

"ಗುಳ್ಳಿ ಬೀಮಾರಿ ಅಲ್ಲ, ರೋಗ ಅಲ್ಲ. ಚರ್ಮಾನೇ ಹಂಗ ಅದ. ನೀ ಹಚ್ಚಿದಿಯಲ್ಲ ಸುಣ್ಣ, ಅದು ಬೀಮಾರಿ."

ಆಮೇಲೆ ನಿಧಾನವಾಗಿ ತಿಳಿಸಿದರು. ಪ್ರಾಯಕ್ಕೆ ಬಂದಮೇಲೆ ಎಷ್ಟೋ ಗಂಡಸರಿಗೆ ಹೀಗೆ ಸಾಲುಗುಳ್ಳೆ ಇರುತ್ತದೆ. ಕೆಲವರಿಗೆ ಬೀಜದ ಚೀಲದ ಚರ್ಮದ ಮೇಲೆ, ಕೂದಲ ಬುಡದ ಹತ್ತಿರ, ಎಣ್ಣೆಕಾಳಿನಂಥ ಬಿಳಿ ಚುಕ್ಕೆ ಕಾಣುತ್ತವೆ. ಕೊಳೆಯಿಂದ ಬಂದದ್ದಲ್ಲ, ಪಾಪದಿಂದಂತೂ ಅಲ್ಲ. ಹೆಂಡತಿಗೆ ಹತ್ತುವುದಿಲ್ಲ, ಮಕ್ಕಳಾಗಲು ಅಡ್ಡಿಯಿಲ್ಲ. ಹಿಂಡಬೇಡಿ, ಕೆರೆಯಬೇಡಿ, ಸುಡಬೇಡಿ. ಮದ್ದೇ ಬೇಕಿಲ್ಲ. ಹಾಗೆಂದು ಕಂಡದ್ದೆಲ್ಲ ಇದೇ ಎಂದೂ ತಿಳಿಯಬೇಡಿ. ಹುಣ್ಣಾದರೆ, ಕೀವು ರಕ್ತ ಬಂದರೆ, ಹೊಸದಾಗಿ ಎದ್ದು ಬೆಳೆಯುತ್ತಿದ್ದರೆ, ತೊಡೆಸಂದಿನಲ್ಲಿ ಗಡ್ಡೆ ಕಟ್ಟಿದರೆ ಅದೇ ದಿನ ಬಂದು ತೋರಿಸಿ. ಯಾವುದು ಯಾವುದೆಂದು ಹೇಳುವುದು ನಿಮ್ಮ ಕೆಲಸವಲ್ಲ, ನನ್ನ ಕೆಲಸ ಎಂದರು.

ಸುಟ್ಟದ್ದಕ್ಕೆ ಮುಲಾಮು ಕೊಟ್ಟರು. ಬರುವಾಗ ರೈಲಿನಲ್ಲಿ ಬೀರ ನನಗೆ ಅಂಟಿ ಕೂತ. ನನ್ನ ಬುತ್ತಿಗೇ ಕೈ ಹಾಕಿ ಮುಕ್ಕಾಲು ರೊಟ್ಟಿ ತಿಂದ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಸಂತೆಯಲ್ಲಿ ನಾಲ್ಕು ಜನರ ಎದುರು ಟಗರನ್ನು ಕೆಡವಿ ನೋಡುತ್ತೇವೆ, ಗಟ್ಟಿಯಾಗಿ ಚರ್ಚೆ ಮಾಡುತ್ತೇವೆ. ನಮ್ಮದೇ ಮೈಗೆ ಒಂದು ಹೆಸರಾದರೂ ಇಟ್ಟಿದ್ದೇವೆಯೇ, ಬೈಗುಳ ಬಿಟ್ಟು? ನಾನು ಅಕ್ಷರ ಕಲಿತದ್ದೇ ಮೂವತ್ತರ ಹೊತ್ತಿಗೆ. ಅಕ್ಷರ ಕಲಿಸುವ ಆ ಬುಕ್ಕಿನಲ್ಲಿ ಕಣ್ಣು, ಕಿವಿ, ಕೈ ಎಲ್ಲ ಇತ್ತು. ಸೊಂಟ ಮುಗಿದರೆ ಮುಂದಿನದು ಮೊಣಕಾಲು!

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಅಕ್ಕ ಹಿಗ್ಗಿ, ಹುಡುಗ ಒಪ್ಪಿದ ಎಂದು ಮನೆಮನೆಗೆ ಹೇಳಿಬಂದಳು. ಯಾಕೆ ಬಿಟ್ಟಿದ್ದ? ಅದನ್ನು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಅಣ್ಣನೂ ಮುಹೂರ್ತ ಕೇಳಲು ಹೊರಟ.

ಸಂಗವ್ವ ನನ್ನನ್ನು ತಡೆದು ನಿಲ್ಲಿಸಿದಳು. "ಕಾಕಾ, ಅಂವ ಒಲ್ಲೆಂದಾಗ ಎಲ್ಲಾರೂ ನನ್ನ ಮಾರಿ ನೋಡಿದ್ರಿ. ಈಗ ಹೂಂ ಅಂದಾನ. ಯಾಕಂತ ನಾ ಕೇಳಬಾರ್ದೇನು?"

ನಾನು ಹೇಳಬಹುದಿತ್ತು. ಬೀರನೇ ಹೇಳಲಿ ಎನಿಸಿತು. ಅವನು ಬಂದ. ಅತ್ತಿಗೆ ಅಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದರು. ಹೊಸ್ತಿಲ ಹೊರಗೆ ನಿಂತು, ಗೋಡೆ ನೋಡುತ್ತ, ತಡವರಿಸಿ ತಡವರಿಸಿ ಎಲ್ಲ ಹೇಳಿದ. ಟಗರು, ಗುಳ್ಳೆ, ಸುಣ್ಣ, ಡಾಕ್ಟರ್. ಅತ್ತಿಗೆಯ ಕೈಯಲ್ಲಿ ಮೊರ ನಿಂತಿತು.

ಸಂಗವ್ವ ನಗಲಿಲ್ಲ. "ಸುಟ್ಟದ್ದು ಮಾಯ್ತೇನು?" ಎಂದಳು. ಹೂಂ ಎಂದ.

"ನನಗ ಹತ್ತಬಾರ್ದಂತ ದೂರ ಆದಿ. ಖರೆ. ಆದ್ರ ಊರ ಮಾತು ಹತ್ತಿದ್ದು ಯಾರಿಗಿ?"

ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಅವಳು ಇನ್ನೂ ಹೂಂ ಅಂದಿಲ್ಲ. ಬೇಗ ಹೇಳವ್ವ ಎನ್ನಲು ನಮ್ಮ ಮನೆಯಲ್ಲಿ ಯಾರಿಗೆ ಮುಖವಿದೆ?