ಎಡಗೈಯಲ್ಲಿ ನಿಂತ ಜೋಳ

ಸೈಕಲ್ಲು ನಮ್ಮ ಯಜಮಾನರದು, ನನ್ನನ್ನು ಬೀಳಿಸಿದ್ದು ನನ್ನದೇ ಸೆರಗು. ಖಾನಾಪುರದ ಸ್ಟೇಶನ್ನಿನಿಂದ ನನ್ನ ತವರುಮನೆಗೆ ಹೋಗುವ ದಾರಿಯಲ್ಲಿ ಹೊಳೆಯ ಕಡೆಗೆ ಒಂದು ಇಳಿಜಾರು ಇದೆ. ಅಲ್ಲಿ ಗಾಳಿಗೆ ಹಾರಿದ ಸೆರಗು ಹಿಂದಿನ ಗಾಲಿಗೆ ಸುತ್ತಿಕೊಂಡಿತು. ಬೀಳುತ್ತೇನೆಂದು ಗೊತ್ತಾದ ಕೂಡಲೇ ನನ್ನ ಬಲಗೈ ಕೊರಳಿಗೆ ಹೋಗಿ ಲಿಂಗದ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಮೈಯ ಭಾರವನ್ನೆಲ್ಲ ಎಡಗೈಯೊಂದೇ ನೆಲಕ್ಕೆ ಊರಿ ಹೊತ್ತಿತು. ಎದ್ದು ನೋಡಿದರೆ ಮಣಿಕಟ್ಟು ಸೌಟಿನ ಹಾಗೆ ಡೊಂಕಾಗಿತ್ತು. ಲಿಂಗ ನೆಲ ಮುಟ್ಟಿರಲಿಲ್ಲ. ಆ ಹೊತ್ತಿನ ಮೊದಲ ಉಪಕಾರ ಅದು, ಅದನ್ನು ನಾನು ಇವತ್ತಿಗೂ ಮೊದಲು ನೆನೆಯುತ್ತೇನೆ.

ಇದು ಸಾವಿರದ ಒಂಬೈನೂರ ಇಪ್ಪತ್ತರ ನಂತರದ ವರ್ಷಗಳ ಮಾತು. ಆಗ ಬೆಳಗಾವಿಯಲ್ಲಿ ಸೈಕಲ್ಲೆಂದರೆ ಕ್ಯಾಂಪಿನ ಸೋಲ್ಜರರದು, ಸಾಹೇಬರದು. ನಮ್ಮ ಯಜಮಾನರು ಕ್ಯಾಂಪಿನ ಹತ್ತಿರ ಒಂದು ಕಚೇರಿಯಲ್ಲಿ ಕಾರಕೂನರು. ವಿಲಾಯಿತಿಗೆ ಹೊರಟಿದ್ದ ಒಬ್ಬ ಸಾಹೇಬನಿಂದ ಅವನು ಬಳಸಿ ಬಿಟ್ಟ ಸೈಕಲ್ಲನ್ನು ತಂದಿದ್ದರು. ಅತ್ತೆಯವರಿಗೆ ಅದು ಮೊದಲಿನಿಂದಲೂ ಸೇರಲಿಲ್ಲ. ಕುದುರೆಗೆ ಹುಲ್ಲು ಹಾಕಿದರೆ ಅದಕ್ಕೆ ಕರುಣೆಯಾದರೂ ಇರುತ್ತದೆ, ಈ ಕಬ್ಬಿಣಕ್ಕೆ ಏನಿದೆ ಎಂದು ಕೇಳುತ್ತಿದ್ದರು. ಯಜಮಾನರು ನಕ್ಕು ಗಾಲಿ ಒರೆಸುತ್ತ ಕೂಡುತ್ತಿದ್ದರು.

ತಮ್ಮನ ಕೂಸಿನ ತೊಟ್ಟಿಲ ಕಾರ್ಯಕ್ಕೆಂದು ಹೊರಟಾಗ ಅವರು ಸೈಕಲ್ಲನ್ನು ರೈಲಿನ ಗಾರ್ಡಿನ ಡಬ್ಬಿಯಲ್ಲಿ ಹಾಕಿಸಿದರು. ಖಾನಾಪುರದಲ್ಲಿ ಇಳಿದರೆ ತವರಿನ ಚಕ್ಕಡಿ ಬಂದಿರಲಿಲ್ಲ. ಹಿಂದೆ ಕೂಡು ಎಂದರು. ನನಗೂ ಆಸೆ ಇತ್ತು, ಕುಳಿತೆ. ಆ ಗಾಳಿ, ಆ ವೇಗ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ.

ಮರುದಿನ ಬೆಳಿಗ್ಗೆ ಅವ್ವ ನನ್ನನ್ನು ಹತ್ತಿರದ ಹಳ್ಳಿಗೆ ಎಲುಬು ಕಟ್ಟುವ ಅಜ್ಜನ ಬಳಿ ಕರೆದೊಯ್ದಳು. ಅಜ್ಜ ಮಾತಾಡುವುದು ಮರಾಠಿ, ಅವ್ವ ಕನ್ನಡ. ಆ ಕಡೆ ಎಲ್ಲರದೂ ಹಾಗೆಯೇ, ಯಾರಿಗೂ ಯಾವುದೂ ತಿಳಿಯದೆ ಹೋಗುವುದಿಲ್ಲ. ಬಿದಿರಿನ ದಬ್ಬೆ ಜೋಡಿಸಿಟ್ಟು, ಪಟ್ಟಿಗೆ ಹಚ್ಚಲು ಅಜ್ಜ ತತ್ತಿ ಒಡೆಯಲು ಹೋದಾಗ ಅವ್ವ ಅವನ ಕೈ ತಡೆದಳು. ನಾವು ಲಿಂಗ ಕಟ್ಟಿದವರು, ತತ್ತಿ ಮೈಗೆ ಹಚ್ಚಬೇಡ ಎಂದಳು. ಅವನು ಬೇಸರ ಮಾಡಿಕೊಳ್ಳದೆ ತತ್ತಿಯನ್ನು ಬುಟ್ಟಿಗೆ ಹಾಕಿ, ಉದ್ದಿನ ಹಿಟ್ಟು ಕಲಸಿ ತರಲು ಹೆಂಡತಿಗೆ ಹೇಳಿದ. ಆರಲು ತಡವಾಗುತ್ತದೆ, ಅಷ್ಟು ಹೊತ್ತು ಅಲುಗಾಡದೆ ಕೂತರೆ ಸಾಕು ಎಂದ. ನನ್ನ ಮೊಣಕೈ ಬಿಗಿಯಾಗಿ ಹಿಡಿಯುವ ಕೆಲಸ ಯಜಮಾನರಿಗೆ ಬಂತು. ಅಜ್ಜ ಕೈ ಜಗ್ಗಿದಾಗ ಎಲುಬಿನ ಸದ್ದು ಕೇಳಿ, ನಾನು ಕೂಗುವ ಮೊದಲೇ ಅವರು ಕಣ್ಣು ಕತ್ತಲೆಗೂಡಿ ಗೋಡೆಗೆ ಒರಗಿ ಕೂತುಬಿಟ್ಟರು. ಅವ್ವ ಅವರಿಗೆ ನೀರು ಕುಡಿಸಿದಳು, ನನಗಲ್ಲ. ಎಡಗೈಯ ಬಳೆಗಳೆಲ್ಲ ಬಿದ್ದಾಗಲೇ ಹೋಗಿದ್ದವು. ಕೈ ಬರಿದಾಗಿರಬಾರದೆಂದು ಮೊಣಕೈ ಮೇಲೆ ಒಂದು ಅರಿಷಿಣದ ದಾರ ಕಟ್ಟಿದಳು.

ನಿಜವಾದ ತೊಂದರೆ ಮರುದಿನ ಸ್ನಾನವಾದ ಮೇಲೆ ತಿಳಿಯಿತು. ನಮ್ಮಲ್ಲಿ ಲಿಂಗವನ್ನು ಕರಡಿಗೆಯಿಂದ ತೆಗೆದು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ವಿಭೂತಿ, ಪತ್ರಿ, ಹೂ ಏರಿಸುತ್ತೇವೆ. ಅಂಗೈಯೇ ಆ ದೇವರ ಗದ್ದುಗೆ. ಪೂಜೆಯಾಗದೆ ಬಾಯಿಗೆ ಏನೂ ಹಾಕುವುದಿಲ್ಲ. ನನ್ನ ಎಡ ಅಂಗೈ ದಬ್ಬೆಗಳ ನಡುವೆ ನೆಲದ ಕಡೆ ಮುಖ ಮಾಡಿ ಕಟ್ಟಿಸಿಕೊಂಡಿತ್ತು. ಬಲಗೈಯಲ್ಲಿ ಇಟ್ಟುಕೊಂಡರೆ ಪೂಜೆ ಮಾಡುವ ಕೈ ಯಾವುದು? ಅವ್ವ ಮಠದ ಅಯ್ಯನವರನ್ನು ಕರೆಸಿದಳು. ಅವರು ಒಳ್ಳೆಯವರು. ಮನಸ್ಸಿನಲ್ಲೇ ಮಾಡಿಕೋ ತಾಯಿ, ಅವನಿಗೆ ಅದೂ ಮುಟ್ಟುತ್ತದೆ ಎಂದರು. ಹಾಗೆಯೇ ಮಾಡಿದೆ. ಆದರೆ ಉಣ್ಣಲು ಕೂತಾಗ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಚಿಕ್ಕಂದಿನಿಂದ ಬೆಳಿಗ್ಗೆ ಬೆಳಿಗ್ಗೆ ಆ ತಣ್ಣನೆಯ ಭಾರ ಅಂಗೈಯಲ್ಲಿ ಕೂತ ಮೇಲೇ ನನಗೆ ದಿನ ಶುರುವಾಗುತ್ತಿತ್ತು.

ನಾಲ್ಕಾರು ದಿನ ಬಿಟ್ಟು ಬೆಳಗಾವಿಗೆ ಮರಳಿದೆವು. ಸೈಕಲ್ಲು ಮತ್ತೆ ಗಾರ್ಡಿನ ಡಬ್ಬಿಯಲ್ಲಿ ಬಂತು. ಯಜಮಾನರಿಗೆ ತಾಯಿಯ ಮುಖ ನೋಡುವ ಹೆದರಿಕೆ, ನನಗೂ ಅದೇ. ಅತ್ತೆಯವರು ಬಾಗಿಲಲ್ಲೇ ನಿಂತಿದ್ದರು. ಜೋಳಿಗೆಯಂತೆ ಕೊರಳಿಂದ ಇಳಿಬಿಟ್ಟ ನನ್ನ ಕೈ ನೋಡಿದರು, ಮಗನನ್ನು ನೋಡಲಿಲ್ಲ.

“ಲಿಂಗ?” ಎಂದರು.

“ಕೊಳ್ಳಾಗ ಐತ್ರಿ ಅತ್ತಿ. ನೆಲಕ್ಕ ಬಿದ್ದಿಲ್ಲ.”

“ಹಂಗಾರ ಎಲ್ಲಾ ಐತಿ. ಒಳಗ ಬಾ.”

ಮರುದಿನ ತಮ್ಮ ಪೂಜೆ ಮುಗಿಸಿಕೊಂಡು ಅವರು ಎದ್ದು ಹೋಗಲಿಲ್ಲ. ನೋಯುವ ಮೊಣಕಾಲನ್ನು ಕೈಯಿಂದ ಎತ್ತಿ ಸರಿಸಿಕೊಂಡು, ನನ್ನ ಎದುರಿಗೆ ಬಂದು ಕೂತರು. ಲಿಂಗವನ್ನು ಬಲ ಅಂಗೈಯಲ್ಲಿ ಇಟ್ಟುಕೋ ಎಂದರು. ಕರಡಿಗೆಯ ಮುಚ್ಚಳವನ್ನು ಅವರು ಬಿಚ್ಚಿದರು, ಲಿಂಗವನ್ನು ನಾನೇ ಬೆರಳಿಂದ ಅಂಗೈಗೆ ಸರಿಸಿಕೊಂಡೆ. ನನ್ನ ಬಲಗೈ ಗದ್ದುಗೆಯಾಯಿತು, ಪೂಜೆಗೆ ಅವರ ಬಲಗೈ ಚಾಚಿತು. ಒಬ್ಬರ ಲಿಂಗಕ್ಕೆ ಇನ್ನೊಬ್ಬರು ಪೂಜೆ ಮಾಡಬಹುದೋ ಇಲ್ಲವೋ ಎಂದು ನಾನು ಅಳುಕಿದ್ದು ಅವರಿಗೆ ಕಂಡಿತು.

“ಕೈ ನಂದು, ಪೂಜಿ ನಿಂದು,” ಎಂದರು. “ಮನಸ್ಸ ಅತ್ತಾಗ ಇತ್ತಾಗ ಹೋತಂದ್ರ ಮಾತ್ರ ಪೂಜಿನೂ ನಂದಾಕೈತಿ ನೋಡವಾ.”

ಆ ದಿನ ರೊಟ್ಟಿ ಗಂಟಲಲ್ಲಿ ಇಳಿಯಿತು. ಅದೂ ಅವರೇ ಬಡಿದ ರೊಟ್ಟಿ. ನಾನು ಸೊಸೆಯಾಗಿ ಬಂದ ಮೇಲೆ ಒಲೆಯ ಮುಂದಿನಿಂದ ಎದ್ದಿದ್ದವರು ಮತ್ತೆ ಅಲ್ಲಿಗೆ ಬಂದು ಕೂತಿದ್ದರು. ನಿನ್ನ ಸೈಕಲ್ಲಿನ ಪುಣ್ಯದಿಂದ ನನ್ನ ರೊಟ್ಟಿ ಮತ್ತೆ ದುಂಡಗಾದವು ಎಂದು ಚುಚ್ಚುತ್ತಿದ್ದರು. ಚುಚ್ಚುತ್ತಲೇ ರೊಟ್ಟಿಯನ್ನು ಮುರಿದು, ಒಂದೇ ಕೈಯಲ್ಲಿ ತಿನ್ನಲು ಬರುವಂತೆ ಪಲ್ಯದ ಜೊತೆ ಕಲಸಿ ತಾಟಿಗೆ ಹಾಕುತ್ತಿದ್ದರು.

ಯಜಮಾನರು ಸೈಕಲ್ಲಿಗೆ ಗೋಣಿಚೀಲ ಹೊದಿಸಿ ಹಿತ್ತಲಲ್ಲಿ ನಿಲ್ಲಿಸಿಬಿಟ್ಟರು. ಕಚೇರಿಗೆ ನಡೆದೇ ಹೊರಟರು. ಮಾರಿಬಿಡುತ್ತೇನೆ ಎಂದಾಗ ಬೇಡವೆಂದೆ. ಹಾಗಾದರೆ ನಿನ್ನ ಕೈಯಲ್ಲಿ ಲಿಂಗ ಕೂಡುವ ತನಕ ಅದನ್ನು ಮುಟ್ಟುವುದಿಲ್ಲ ಎಂದರು. ಅತ್ತೆಯವರಿಗೆ ಇದು ಕೇಳಿಸಿತು. ಮರುದಿನದಿಂದ ಮಗನ ಬುತ್ತಿಯನ್ನು ಸ್ವಲ್ಪ ಬೇಗ ಕಟ್ಟಿಕೊಡತೊಡಗಿದರು.

ಕಟ್ಟು ಬಿಚ್ಚುವ ಕಾಲ ಬಂದಾಗ ಖಾನಾಪುರದ ಕಡೆಯ ಆ ಅಜ್ಜನಲ್ಲಿಗೆ ಹೋದೆವು. ಎಲುಬು ಕೂಡಿದೆ ಎಂದ. ಬರುವಾಗ ಯಜಮಾನರು ಕ್ಯಾಂಪಿನ ಡಾಕ್ಟರರಿಗೂ ತೋರಿಸಿದರು, ಅವರೂ ಅದನ್ನೇ ಹೇಳಿದರು. ಬಿಸಿ ಎಣ್ಣೆ ಹಚ್ಚಿ, ಮೆಲ್ಲಗೆ ಆಡಿಸು, ಜಬರದಸ್ತಿ ಮಾಡಬೇಡ ಎಂಬ ಮಾತು ಇಬ್ಬರದೂ ಒಂದೇ. ನಾನು ಹಿಗ್ಗಿದೆ. ಮನೆಗೆ ಬಂದು ಕೈಕಾಲು ತೊಳೆದು, ಎಡಗೈ ಚಾಚಿ ಅಂಗೈಯನ್ನು ಮೇಲೆ ತಿರುಗಿಸಿದೆ. ತಿರುಗಲಿಲ್ಲ. ಬೆರಳು ಮಡಚುತ್ತವೆ, ಮಣಿಕಟ್ಟು ಬಾಗುತ್ತದೆ, ಅಂಗೈ ಮಾತ್ರ ಅರ್ಧಕ್ಕೆ ಬಂದು, ಗೋಡೆಗೆ ತಾಗಿದ ಬಾಗಿಲಿನ ಹಾಗೆ ನಿಂತುಬಿಡುತ್ತದೆ. ಇನ್ನೂ ತಿರುಗಿಸಲು ಹೋದರೆ ಹೆಗಲೂ ಮೈಯೂ ವಾಲುತ್ತವೆ, ಅಂಗೈ ಅಲ್ಲೇ ಇರುತ್ತದೆ.

ಮಿಕ್ಕ ಬಹಳಷ್ಟು ಕೆಲಸಕ್ಕೆ ಆ ಕೈ ಸಾಕಾಗಿತ್ತು. ಕೊಡ ಹಿಡಿಯಬಹುದು, ಕಸ ಹೊಡೆಯಬಹುದು. ಅಂಗೈ ಆಕಾಶ ನೋಡಬೇಕಾದ ಕೆಲಸ ಹೆಂಗಸರಿಗೆ ಎಷ್ಟಿರುತ್ತವೆ? ನನಗೆ ಇದ್ದದ್ದು ಆ ಒಂದೇ, ಅದೇ ಆಗುತ್ತಿರಲಿಲ್ಲ. ಹೀಗೇ ಉಳಿದರೆ ಜೀವಮಾನವೆಲ್ಲ ಇನ್ನೊಬ್ಬರ ಕೈ ಬೇಕಲ್ಲ, ಅತ್ತೆಯವರ ನಂತರ ಯಾರ ಕೈ ಎಂದು ಅಂಜಿಕೆ ಹೊಕ್ಕಿತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಬಲಗೈಯಿಂದ ಎಡಗೈಯನ್ನು ಹಿಡಿದು ಜೋರಾಗಿ ತಿರುವಿದೆ. ಸಂಜೆಗೆ ಮಣಿಕಟ್ಟು ಬದನೆಕಾಯಿಯಷ್ಟು ಊದಿತು. ಅತ್ತೆಯವರು ಔಡಲ ಎಲೆ ಬಿಸಿ ಮಾಡಿ ಕಟ್ಟಿದರು. ಕಟ್ಟುವಾಗ ಬೈದರು. ಅವಸರವಿದ್ದದ್ದು ನಿನಗೋ, ನಿನ್ನ ಕೊರಳಲ್ಲಿರುವ ಅವನಿಗೋ ಎಂದು ಕೇಳಿದರು.

ಊತ ಇಳಿದ ಮೇಲೆ ಒಂದು ಬೆಳಿಗ್ಗೆ ಅವರು ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಇಟ್ಟುಕೊಂಡು ಕಲ್ಲು ಹಳ್ಳು ಆರಿಸುತ್ತ ಕೂತಿದ್ದರು. ನನ್ನನ್ನು ಕರೆದು ಎಡಗೈ ಚಾಚಿಸಿ, ಅಂಗೈ ಎಷ್ಟು ಮೇಲೆ ಬರುತ್ತದೋ ಅಷ್ಟಕ್ಕೇ ಒಂದು ಹಿಡಿ ಜೋಳ ಸುರಿದರು. ಕಾಳೆಲ್ಲ ಜಾರಿ ಕಟ್ಟೆಯಿಂದ ಅಂಗಳಕ್ಕೆ ಹೋದವು. ಗುಬ್ಬಿಗಳು ಇಳಿದವು. ಮತ್ತೆ ಒಂದು ಹಿಡಿ ಸುರಿದರು. ಬೆರಳುಗಳ ಸಂದಿಯಲ್ಲಿ ನಾಲ್ಕೋ ಐದೋ ಕಾಳು ಸಿಕ್ಕಿಕೊಂಡು ನಿಂತವು.

“ಇವು ನಿಂತಾವು,” ಎಂದರು. “ಮೊದಲ ಕಾಳು ನಿಲ್ಲಲಿ. ಆಮ್ಯಾಲ ಅವ ನಿಲ್ತಾನ.”

ಅವತ್ತಿನಿಂದ ಅದೇ ನಮ್ಮ ಅಭ್ಯಾಸ. ಹಳ್ಳು ಆರಿಸಿದ ಜೋಳವನ್ನು ಅವರು ಒಂದು ಬೇರೆ ಬುಟ್ಟಿಯಲ್ಲಿ ಇಟ್ಟಿದ್ದರು, ದಿನಾ ಅದನ್ನೇ ಸುರಿಯುವುದು, ಚೆಲ್ಲಿದ್ದನ್ನು ಗೋರಿ ಮತ್ತೆ ತುಂಬುವುದು. ಗುಬ್ಬಿಗಳು ತಮ್ಮ ಪಾಲು ತೆಗೆದುಕೊಳ್ಳುತ್ತಿದ್ದವು. ಬಾಜೂ ಮನೆಯ ಹೆಂಗಸು ಒಂದು ದಿನ ಗೋಡೆಯ ಮೇಲಿಂದ ಇಣುಕಿ, ಸೊಸೆಗೆ ಗುಬ್ಬಿ ಸಾಕಲು ಹಚ್ಚಿದ್ದೀರೇನು ಎಂದು ಕೇಳಿದರು.

“ಹೌದವಾ,” ಎಂದರು ಅತ್ತೆಯವರು, ತಲೆ ಎತ್ತದೆ. “ಇನ್ನೇನ ಹಾಲ ಕರೀತಾವು. ನಿನಗೂ ಒಂದ ತಂಬಗಿ ಕೊಟ್ಟ ಕಳಸ್ತೀನಿ.”

ಕೆಲವು ದಿನ ಏನೂ ಮುಂದುವರಿಯುತ್ತಿರಲಿಲ್ಲ. ಮೋಡ ಮುಚ್ಚಿದ ದಿನ ಕೈ ಮರಗಟ್ಟಿ, ನಿನ್ನೆ ನಿಂತ ಕಾಳೂ ಇವತ್ತು ನಿಲ್ಲುತ್ತಿರಲಿಲ್ಲ. ಆಗ ಸಣ್ಣ ಸಣ್ಣ ಉಪಕಾರಗಳನ್ನು ನೆನೆಸಿಕೊಳ್ಳುತ್ತಿದ್ದೆ. ನೋವಿಲ್ಲದೆ ಮಗ್ಗುಲಾಗಿ ಮಲಗಿದ ರಾತ್ರಿ. ಹೊಸ ಬಳೆ ಏರಿಸುವಾಗ ಬಳೆಗಾರ್ತಿ ಕೈಯನ್ನು ಹೂವಿನಂತೆ ಹಿಡಿದದ್ದು. ಜಡೆಯ ಮೂರು ಎಳೆಯನ್ನೂ ನಾನೇ ಹೆಣೆದುಕೊಂಡ ಬೆಳಿಗ್ಗೆ. ಪ್ರತಿದಿನ ಪೂಜೆಯಲ್ಲಿ ಮಾತ್ರ ನನ್ನ ಬಲ ಅಂಗೈ, ಅತ್ತೆಯವರ ಬಲಗೈ. ಅವರ ಬೆರಳು ವಿಭೂತಿಯನ್ನು ಎಷ್ಟು ಹಗುರವಾಗಿ ಹಚ್ಚುತ್ತದೆಂಬುದು ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ತಿಳಿದಿರಲಿಲ್ಲ. ರೊಟ್ಟಿ ಬಡಿಯುವ ಕೈ ಅದೇ ಎಂದು ನಂಬಲು ಆಗುತ್ತಿರಲಿಲ್ಲ.

ಮೆಲ್ಲಗೆ ಕಾಳು ನಿಲ್ಲತೊಡಗಿದವು. ಮೊದಲು ಅಂಗೈಯ ಗುಣಿಯಲ್ಲಿ ಒಂದಿಷ್ಟು, ಆಮೇಲೆ ಅರ್ಧ ಹಿಡಿ. ಒಂದು ಹಿಡಿ ನಿಂತ ದಿನ ಅತ್ತೆಯವರು, ಹಾಗೆಯೇ ಹಿಡಿದುಕೊಂಡು ಹಿತ್ತಲ ಪತ್ರಿ ಗಿಡದ ತನಕ ಹೋಗಿ ಬಾ ಎಂದರು. ಗೋಣಿಚೀಲ ಹೊದ್ದ ಸೈಕಲ್ಲನ್ನು ದಾಟಿ ಗಿಡಕ್ಕೆ ಹೋದೆ, ತಿರುಗಿ ಬಂದೆ. ಬಾಗಿಲಲ್ಲಿ ಕೂತಿದ್ದ ಅವರು ಕಾಳಿಗಿಂತ ಮೊದಲು ನನ್ನ ಮುಖ ನೋಡಿದರು.

“ಸಾಕು,” ಎಂದರು. “ನಾಳೆ ಅವನ್ನ ಅಂಗೈಗೆ ಕರಿ.”

ಮರುದಿನ ಲಿಂಗವನ್ನು ಬಲಗೈಯಿಂದ ಎತ್ತಿ ಎಡ ಅಂಗೈಯಲ್ಲಿ ಇಟ್ಟೆ. ಅಂಗೈ ಪೂರ್ತಿ ಸಮವಾಗಿರಲಿಲ್ಲ, ಕಿರುಬೆರಳಿನ ಕಡೆ ಸ್ವಲ್ಪ ವಾಲಿತ್ತು. ಲಿಂಗ ಆ ಕಡೆ ಸರಿಯಿತು. ಕಿರುಬೆರಳನ್ನು ಮಡಚಿ ಕಟ್ಟೆಯಂತೆ ಒಡ್ಡಿದೆ. ಅಲ್ಲಿಗೆ ಒರಗಿ ನಿಂತಿತು. ಆ ತಣ್ಣನೆಯ ಭಾರ ತನ್ನ ಜಾಗಕ್ಕೆ ಬಂದು ಕೂತದ್ದನ್ನು ಅಂಗೈಯೇ ಮೊದಲು ಗುರುತಿಸಿತು, ಕಣ್ಣು ಆಮೇಲೆ. ಬಲಗೈಯಿಂದ ವಿಭೂತಿ ಹಚ್ಚಿದೆ. ಎದುರಿಗೆ ಅತ್ತೆಯವರು ರೂಢಿಯಂತೆ ಒಂದು ಪತ್ರಿ ಹಿಡಿದು ಕೈ ಚಾಚಿದ್ದರು. ಅರ್ಧಕ್ಕೆ ನೆನಪಾಗಿ, ಕೈ ಹಿಂದೆ ತೆಗೆದುಕೊಂಡು ಪತ್ರಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

“ಅತ್ತಿ, ನಿಮ್ಮದೂ ಒಂದು ಇಡ್ರಿ,” ಎಂದೆ.

“ನಂದ್ಯಾಕ ಇನ್ನ? ನಿನ್ನ ಕೈ ಬಂತಲ್ಲ.”

“ಇಡ್ರಿ.”

ಇಟ್ಟರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಹಿತ್ತಲ ಕಡೆ ಮುಖ ಮಾಡಿ ಮಗನಿಗೆ ಆ ಕಬ್ಬಿಣದ ಕುದುರೆಯನ್ನು ಹೊರಗೆ ತೆಗೆಯಲು ಹೇಳಿದರು. ಕಚೇರಿಗೆ ಹೊತ್ತಾಯಿತು ಎಂದರು. ಯಜಮಾನರು ಒಳಗೆ ಬಂದು ನನ್ನ ಅಂಗೈ ನೋಡಿ, ಕೈಮುಗಿದು, ಓಡಿಹೋಗಿ ಗೋಣಿಚೀಲ ಎಳೆದರು. ಅಷ್ಟು ದಿನ ನಿಂತು ಎರಡೂ ಗಾಲಿಯ ಗಾಳಿ ಇಳಿದಿತ್ತು. ಅವತ್ತೂ ನಡೆದೇ ಹೋದರು, ಸೈಕಲ್ಲನ್ನು ಬಾಜೂಕ್ಕೆ ನಡೆಸಿಕೊಂಡು.

ನನ್ನ ಅಂಗೈ ಇವತ್ತಿಗೂ ಪೂರ್ತಿ ತೆರೆಯುವುದಿಲ್ಲ. ಪೂಜೆಗೆ ಕೂತರೆ ಕಿರುಬೆರಳು ಹೇಳಿಸಿಕೊಳ್ಳದೆ ತಾನೇ ಮಡಚಿಕೊಳ್ಳುತ್ತದೆ, ಅವನು ಅದಕ್ಕೆ ಒರಗಿ ಕೂಡುತ್ತಾನೆ.

ಅಭ್ಯಾಸದ ಬುಟ್ಟಿಯ ಜೋಳವನ್ನು ಅತ್ತೆಯವರು ಅದೇ ಮಧ್ಯಾಹ್ನ ತೊಳೆದು ಒಣಹಾಕಿದರು. ಒಣಗಿದ ಮೇಲೆ ಬೀಸುಕಲ್ಲಿಗೆ ಹಾಕಿ, ಹಿಟ್ಟು ನಾದಿ ನನ್ನ ಮುಂದೆ ಇಟ್ಟು, ತಾವು ಒಲೆಯ ಮುಂದಿನಿಂದ ಎದ್ದರು. ನಾನು ರೊಟ್ಟಿ ಬಡಿದೆ. ಎಡಗೈಯ ಕಡೆ ದಪ್ಪ, ಬಲಗೈಯ ಕಡೆ ತೆಳು, ಅಂಚು ಸೀಳು ಬಿಟ್ಟಿತ್ತು. ಅದನ್ನು ಬಾಜೂಕ್ಕೆ ಇಟ್ಟು ಇನ್ನೊಂದು ಬಡಿಯಲು ಹೋದಾಗ ಅತ್ತೆಯವರು ತಮ್ಮ ತಾಟು ಮುಂದೆ ಚಾಚಿದರು. ಅದನ್ನೇ ಹಾಕು ಎಂದರು.