ಬೀಗರ ಸೊಂಟದ ಪಿಸ್ತೂಲು

ಬೇಕಿದ್ದರೆ ನಂಬಬೇಡಿ, ನನಗೇನೂ ಬೇಜಾರಿಲ್ಲ. ಆದರೆ ಕೈಗೆ ಬರುತ್ತಿದ್ದ ಪಿಸ್ತೂಲಿನ ಲೈಸನ್ಸನ್ನು ಚಹಾ ಹೋಟೆಲಿನಲ್ಲಿ ಕುಳಿತು ‘ಬೇಡ’ ಎಂದು ಕಳಿಸಿದ ಗಂಡಸು ತಿಕೋಟಾ ತಾಲೂಕಿನಲ್ಲಿ ನಾನೊಬ್ಬನೇ. ಎದೆ ಇದ್ದರೆ ಸುಳ್ಳು ಅನ್ನಿ, ನೋಡೋಣ.

ಶುರುವಾದದ್ದು ಬೀಗರಿಂದ. ನನ್ನ ಮಗಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದೇನೆ. ಅವಳ ಮಾವನಿಗೆ ನನ್ನದಕ್ಕಿಂತ ದೊಡ್ಡ ದ್ರಾಕ್ಷಿ ತೋಟ, ಬದುವಿನ ಮೇಲೊಂದು ವ್ಯಾಜ್ಯ, ಸೊಂಟದಲ್ಲಿ ಲೈಸನ್ಸಿನ ಪಿಸ್ತೂಲು. ಮೊದಲೆರಡನ್ನು ಹೇಗೋ ನುಂಗಿಕೊಂಡಿದ್ದೆ. ಮೂರನೆಯದು ಗಂಟಲಲ್ಲಿ ಸಿಕ್ಕಿಕೊಂಡಿತು. ಚುನಾವಣೆ ಬಂದಾಗ ಲೈಸನ್ಸ್ ಇದ್ದವರು ಆಯುಧವನ್ನು ಠಾಣೆಯಲ್ಲಿ ಇಟ್ಟು ಬರಬೇಕು. ಆಗಲಾದರೂ ನಮ್ಮಂತಾಗುತ್ತಾರೆ ಅಂದುಕೊಂಡರೆ, ಖಾಲಿ ಸೊಂಟದ ಮೇಲೆ ಕೈಯಿಟ್ಟು ಹೇಳುತ್ತಿದ್ದರು: “ಸರಕಾರಕ್ಕ ನಮ್ಮದಽ ಅಂಜಿಕಿ ನೋಡ್ರಿ ಬೀಗರ. ಎಲೆಕ್ಷನ್ ಬಂತಂದ್ರ ಮೊದಲ ನಮ್ಮ ಸಾಮಾನ ಇಸಗೊಂತಾರ.”

ಅಥಣಿ ರಸ್ತೆಯಲ್ಲಿ ನೆಂಟರ ಹೊಸ ಮನೆಯ ವಾಸ್ತುಶಾಂತಿಗೆ ನಾನೂ ಅಂಗಿಯೊಳಗೆ ಗೋವಿನಜೋಳದ ತೆನೆ ಸಿಕ್ಕಿಸಿಕೊಂಡು ಹೋದೆ. ಉಬ್ಬು ಕಂಡ ಜನ ಪಿಸ್ತೂಲೆಂದು ಸರಿದು ದಾರಿ ಬಿಟ್ಟರು. ಊಟಕ್ಕೆ ಕೂರಲು ಬಾಗಿದಾಗ ತೆನೆ ಜಾರಿ ಬೀಗರ ಎಲೆಯಲ್ಲೇ ಬಿತ್ತು. ಅವರು ಅದನ್ನೆತ್ತಿ ಎಲ್ಲರಿಗೂ ತೋರಿಸಿದರು.

“ಇದಕ್ಕ ಲೈಸನ್ಸ್ ಮಾಡ್ಸೀರೇನ್ರಿ ಬೀಗರ?”

ಮರುದಿನವೇ ವಿಜಯಪುರಕ್ಕೆ ಹೋಗಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಿದೆ. ಅಲ್ಲಿನ ಗುಮಾಸ್ತ ಕೇಳಿದ: “ನಿಮ್ಮ ಜೀವಕ್ಕ ಯಾರಿಂದ ಅಪಾಯ ಐತ್ರಿ ಅಜ್ಜಾರ?” ಯೋಚಿಸಿದೆ. ಬೀಗರಿಗೆ ವೈರಿಗಳಿದ್ದರು, ನನಗೆ ಒಬ್ಬನೂ ಇಲ್ಲ. ಅವರ ವೈರಿಗಳನ್ನು ನೆನೆದೂ ಹೊಟ್ಟೆ ಉರಿಯಿತು. ಬೀಗರ ಹೆಸರನ್ನೇ ಬರೆಸಿಬಿಡಲೇ ಅನ್ನಿಸಿ, ಮಗಳ ಸಂಸಾರ ನೆನಪಾಗಿ, ದ್ರಾಕ್ಷಿ ಮಾರಿದ ಹಣ ಹೊತ್ತು ಹೊನವಾಡಕ್ಕೆ ಒಬ್ಬನೇ ಬರುತ್ತೇನೆ, ಕಳ್ಳರ ಭಯ ಎಂದು ಬರೆಸಿದೆ.

ವಿಚಾರಣೆಗೆ ಹವಾಲ್ದಾರ ನಮ್ಮೂರು ಹೊನವಾಡಕ್ಕೆ ಬಂದ. ಊರಿನವರು ನನ್ನ ಮೇಲಿನ ಅಭಿಮಾನಕ್ಕೆ ಬಾಯಿಬಿಟ್ಟರು: “ಅವ್ರಾ? ಭಾರಿ ಆಸಾಮಿರಿ! ಸಂತ್ಯಾಗ ನಾಕ ಮಂದಿನ್ನ ಕೆಡವಿ, ಎಂಟ ತಿಂಗಳ ಜೇಲಿನ ರೊಟ್ಟಿ ತಿಂದ ಬಂದಾರ!”

ಈ ಕಥೆಯನ್ನು ನಲವತ್ತು ವರ್ಷ ನೀರು ಹಾಕಿ ಬೆಳೆಸಿದವನು ನಾನೇ. ಆ ಎಂಟು ತಿಂಗಳು ನಾನಿದ್ದದ್ದು ಮಿರಜದ ಒಂದು ಖಾನಾವಳಿಯಲ್ಲಿ, ತಾಟು ತೊಳೆಯುತ್ತ. ತಾಟು ತೊಳೆದು ಬಂದವನನ್ನು ಕಂಡು ಕಟ್ಟೆಯಿಂದ ಯಾರು ಏಳುತ್ತಾರೆ? ಜೈಲು ಕಂಡವನಿಗೆ ಏಳುತ್ತಾರೆ.

ಹವಾಲ್ದಾರ ನನ್ನನ್ನು ತಿಕೋಟಾಕ್ಕೆ ಕರೆಸಿದ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲೇ ಕುಳಿತೆವು. ನಮ್ಮೂರಿನ ಹತ್ತಾರು ಜನ ಸುತ್ತ ನಿಂತಿದ್ದರು. ಬೀಗರನ್ನೂ ನಾನೇ ಬರಹೇಳಿದ್ದೆ. ನನ್ನ ಕೆಲಸ ಆಗುವುದನ್ನು ಕಣ್ಣಾರೆ ನೋಡಲಿ ಅಂತ.

“ಕಾಕಾ,” ಹವಾಲ್ದಾರ ಶುರುಮಾಡಿದ, “ಹೊಡದಾಟದ ಕೇಸಿನ್ಯಾಗ ಜೇಲಿಗಿ ಹೋದವ್ರಿಗಿ, ಶಿಕ್ಷಾ ಮುಗದು ಐದ ವರ್ಷ ಆಗೂತನಾ ಲೈಸನ್ಸ್ ಕೊಡಂಗಿಲ್ಲ. ನಿಮ್ಮದು ಹಳೀ ಮಾತು, ಆ ಕಾಯ್ದೆ ಅಡ್ಡ ಬರಂಗಿಲ್ಲ. ಆದ್ರ ಇಂಥಾ ಮನಷ್ಯಾಗ ಪಿಸ್ತೂಲ ಕೊಡಬೇಕೋ ಬ್ಯಾಡೋ ಅಂತ ಮ್ಯಾಲಿನ ಸಾಹೇಬ್ರು ವಿಚಾರ ಮಾಡ್ತಾರ. ನಾ ನೋಡಿದ್ರ, ನಮ್ಮ ದಫ್ತರದಾಗ ನಿಮ್ಮ ಮ್ಯಾಲ ಒಂದು ಕೇಸೂ ಇಲ್ಲ!”

ಸುತ್ತ ನಿಂತವರು ಇನ್ನಷ್ಟು ಹತ್ತಿರ ಸರಿದರು.

“ಹಳೀ ಕಾಗದ ಇಲಿ ತಿಂದಿರಬೇಕ್ರಿ,” ಎಂದೆ.

“ಇಲಿ ಸುದ್ದಿ ಬಿಡ್ರಿ. ನಾ ಜೇಲಿಗಿ ಹೋಗಿಲ್ಲ, ಯಾರನ್ನೂ ಹೊಡದಿಲ್ಲ ಅಂತ ಇವರ ಎದುರಿಗಿ ಒಂದ ಮಾತ ಹೇಳ್ರಿ. ಛಲೋ ರಿಪೋರ್ಟ್ ಬರದ ಕಳಸ್ತೀನಿ. ಬಾಕಿ ಎಲ್ಲಾ ಸರಿ ಐತಿ.”

ಒಂದು ಮಾತು. ಅಷ್ಟು ಅಂದುಬಿಟ್ಟರೆ ಬೀಗರ ಸೊಂಟ, ನನ್ನ ಸೊಂಟ ಸಮ. ಬಾಯಿ ತೆರೆದೂ ತೆರೆದೆ. ಅಷ್ಟರಲ್ಲಿ ಬೀಗರು ಮಿರ್ಚಿ ಭಜಿ ಮುರಿಯುತ್ತ, “ಹೇಳ್ರಲಾ ಬೀಗರ, ನಾಚಿಕಿ ಯಾಕ? ನನಗರೆ ಮೊದಲಿಂದನೂ ಸಂಶೇನಽ ಇತ್ತು,” ಎಂದರು.

ಸುತ್ತ ನಿಂತವರ ಮುಖ ನೋಡಿದೆ. ಬೀಗರಿಗೆ ಪಿಸ್ತೂಲೂ ಉಂಟು, ಮರ್ಯಾದೆಯೂ ಉಂಟು. ನನಗೆ ಎರಡರಲ್ಲಿ ಒಂದೇ. ಆ ಪಿಸ್ತೂಲು ಸಿಕ್ಕಿದ ಮೇಲೂ ನಾನು ಅವರಿಗಿಂತ ಒಂದು ಮೆಟ್ಟಿಲು ಕೆಳಗೇ. ಹೊಟ್ಟೆಕಿಚ್ಚಿಗೆ ಲೆಕ್ಕ ಚೆನ್ನಾಗಿ ಬರುತ್ತದೆ.

“ಅರ್ಜಿ ವಾಪಸ್ ತಗೊಂತೀನ್ರಿ ಸಾಹೇಬ್ರ,” ಎಂದು ಎದ್ದು ನಿಂತೆ. “ಈ ಕೈಯಾಗ ಪಿಸ್ತೂಲ ಬಂದ್ರ ಊರಿಗಿ ಛಲೋ ಅಲ್ರಿ. ನನ್ನ ಸಿಟ್ಟ ನನಗಽ ಗೊತ್ತ.”

ಹವಾಲ್ದಾರ ಮೀಸೆಯಲ್ಲೇ ನಕ್ಕು ಫೈಲು ಮಡಚಿದ. ಹಿಂದಿನಿಂದ ಯಾರೋ, “ಹುಲಿ ಅದಾನಲೇ ಮುದುಕ!” ಎಂದರು. ಹೋಟೆಲಿನವನು ನನ್ನ ಚಹಾಕ್ಕೆ ದುಡ್ಡು ಮುಟ್ಟಲಿಲ್ಲ. ಬೀಗರು ಭಜಿಯನ್ನು ಬಾಯಿಗೆ ಒಯ್ಯುವುದನ್ನೇ ಮರೆತು ನನ್ನನ್ನು ನೋಡುತ್ತ ಕುಳಿತರು. ಅವರ ಕಣ್ಣಲ್ಲಿ ಅಸೂಯೆ ಇತ್ತು. ಅದರ ಗುರುತು ನನಗಿಂತ ಚೆನ್ನಾಗಿ ಯಾರಿಗಿದೆ?

ಇದರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ, ಬೀಗರ ಆ ನೋಟ. ಅವರು ನನ್ನ ಕಡೆ ತಿರುಗಲೇ ಇಲ್ಲ. ಇನ್ನೊಂದು ಪ್ಲೇಟು ಭಜಿ ಹೇಳಿದರು.