ಆಚೆಮನೆ ಅತ್ತೆಯ ಕಡಲೆಹುಳಿ

ಆಚೆಮನೆ ಅತ್ತೆಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಹಿತುಕಿದ ಅವರೆಬೇಳೆಯ ಹಾಗೆ ಬೆಳ್ಳಗೆ, ನುಣ್ಣಗೆ ಇದ್ದವು. ಒಮ್ಮೆ ಯಾವುದೋ ಜಮೀನಿನ ಕಾಗದಕ್ಕೆ ಶಾನುಭೋಗರು ಅವರ ಹೆಬ್ಬೆಟ್ಟು ಒತ್ತಿಸಿಕೊಂಡರೆ ಬರೀ ಮಸಿಯ ಬೊಟ್ಟು ಮೂಡಿತು. ಎರಡನೇ ಸಲವೂ ಅಷ್ಟೆ, ಮೂರನೇ ಸಲವೂ ಅಷ್ಟೆ. ಶಾನುಭೋಗರು ಕನ್ನಡಕ ಸರಿಮಾಡಿಕೊಂಡು, "ಏನಮ್ಮಾ ಇದು, ಒಂದು ಗೆರೆನೂ ಇಲ್ವಲ್ಲ?" ಎಂದರು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ನನ್ ಗೆರೆನೆಲ್ಲ ಕಡ್ಲೆ ಒಲ ತಿಂದ್ಕೊಂಡೈತೆ ಸ್ವಾಮಿ. ಬೇಕಾದ್ರೆ ಅಲ್ಲಿಗೋಗಿ ಒತ್ತಿಸ್ಕೊಳಿ" ಅಂದರಂತೆ. ಊರಿನವರು ಈ ಮಾತನ್ನು ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದರು.

ಕೃಷ್ಣರಾಜನಗರ ತಾಲ್ಲೂಕಿನ ಹೊಸ ಅಗ್ರಹಾರದ ಹತ್ತಿರದ ಹಳ್ಳಿಗೆ ನಾನು ಸೊಸೆಯಾಗಿ ಬಂದದ್ದು ಐವತ್ತರ ದಶಕದ ಮೊದಲಲ್ಲಿ. ಆಗ ನನಗೆ ಹತ್ತೊಂಬತ್ತು ವರ್ಷ. ತವರು ಪಿರಿಯಾಪಟ್ಟಣ, ಅಪ್ಪನದು ಅಲ್ಲಿ ದಿನಸಿ ಅಂಗಡಿ. ಗಂಡನ ಮನೆಯಲ್ಲಿ ಅತ್ತೆ ಎಂಬವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಇದ್ದವರು ಮಾವ ಮತ್ತು ನನ್ನ ಗಂಡ, ಇಬ್ಬರೂ ಮಾತು ಕಡಿಮೆಯ ಗಂಡಸರು. ಒಂದು ಗೋಡೆಯಾಚೆ ಮಾವನವರ ದೊಡ್ಡಪ್ಪನ ಮಗಳು ಇದ್ದರು. ಗಂಡ ಹೋದ ಮೇಲೆ ಮಕ್ಕಳಿಲ್ಲದೆ ತವರಿಗೇ ಮರಳಿದವರು. ಅವರೇ ನನ್ನ ಆಚೆಮನೆ ಅತ್ತೆ. ನನ್ನ ಮೊದಲ ಮುದ್ದೆಯ ತುಂಬ ಹಿಟ್ಟಿನ ಗಂಟುಗಳಿದ್ದುದನ್ನು ಕಂಡು, "ಇದೇನ್ ಮಗ, ಮುದ್ದೆ ಒಳಗೆ ಗೋಲಿ ಬಚ್ಚಿಟ್ಟಿದ್ದೀಯ?" ಎಂದು ನಕ್ಕು, ಕೋಲು ಕಿತ್ತುಕೊಂಡು ತಿರುವಿ ತೋರಿಸಿದವರು. ಆ ಮನೆಯಲ್ಲಿ ನಾನು ಕಲಿತದ್ದೆಲ್ಲ ಅವರಿಂದಲೇ.

ಅವರಿಗೆ ಕೆರೆ ಹಿಂದೆ ಒಂದು ತುಂಡು ಎರೆಹೊಲ ಇತ್ತು. ಅದರಲ್ಲಿ ದೀಪಾವಳಿ ಹೊತ್ತಿಗೆ ಕಡಲೆ ಬಿತ್ತುತ್ತಿದ್ದರು. ಕಡಲೆ ಗಿಡದ ಎಲೆ ಚಳಿಗಾಲದಲ್ಲಿ ಹುಳಿ ಬೆವರುತ್ತದೆ ಎಂಬುದು ಅಂಗಡಿಯವರ ಮಗಳಾದ ನನಗೆ ಗೊತ್ತೇ ಇರಲಿಲ್ಲ. ಅಂಗಡಿಯಲ್ಲಿ ಮೂಟೆ ಮೂಟೆ ಕಡಲೆ ಕಂಡಿದ್ದೆ, ಗಿಡ ಕಂಡಿರಲಿಲ್ಲ. ಪುಷ್ಯದ ಇಬ್ಬನಿ ಬೀಳುವ ದಿನಗಳಲ್ಲಿ ಅತ್ತೆ ಸಂಜೆ ಹೊಲಕ್ಕೆ ಹೋಗಿ ಗಿಡಗಳ ಮೇಲೆ ಒಗೆದ ಹಳೇ ಪಂಚೆಗಳನ್ನು ಹಾಸಿ ಬರುತ್ತಿದ್ದರು. ಬೆಳಕು ಹರಿಯುವ ಮೊದಲು ಹೋಗಿ, ಇಬ್ಬನಿಯಲ್ಲಿ ತೊಯ್ದ ಆ ಬಟ್ಟೆಗಳನ್ನು ಪಿಂಗಾಣಿ ಬೋಗುಣಿಗೆ ಹಿಂಡುತ್ತಿದ್ದರು. ಸೋಸಿ, ಕೆಲವು ದಿನ ಬಿಸಿಲಿಗಿಟ್ಟು, ದೊಡ್ಡ ಜಾಡಿಗೆ ತುಂಬಿದರೆ ವರ್ಷವಿಡೀ ಕೆಡುತ್ತಿರಲಿಲ್ಲ. ದಿನ ಕಳೆದಂತೆ ಬಣ್ಣ ಕಾಫಿಯ ಹಾಗೆ ಕಂದಾಗುತ್ತಿತ್ತು. ಒಮ್ಮೆ ನಾನೂ ಹಟ ಮಾಡಿ ಅವರ ಜೊತೆ ಹೋಗಿದ್ದೆ. ಬರಿಗಾಲಲ್ಲಿ ನಾಲ್ಕು ಸಾಲು ನಡೆಯುವಷ್ಟರಲ್ಲಿ ಪಾದ ಚುರುಗುಟ್ಟಿ, ಬದುವಿನ ಮೇಲೆ ಕುಣಿದಾಡಿದೆ. "ಪಟ್ಟಣದ ಕಾಲು ಕಣವ್ವ ನಿಂದು, ಬುಡು" ಎಂದು ಅತ್ತೆ ನಕ್ಕರು.

ಪ್ರತಿದಿನ ಬೆಳಿಗ್ಗೆ ಅವರ ಜಗಲಿಯ ಮೇಲೆ ತೆಂಗಿನ ಚಿಪ್ಪುಗಳ ಸಾಲು ಇರುತ್ತಿತ್ತು. ಒಂದೊಂದು ಚಿಪ್ಪಿನ ನೀರಿಗೆ ಮರದ ಚಮಚದಲ್ಲಿ ಅರ್ಧ ಹುಳಿ, ಚಿಟಿಕೆ ಉಪ್ಪು, ಹೊಟ್ಟೆ ಉಬ್ಬರದವರಿಗೆ ಹುರಿದ ಜೀರಿಗೆಯ ಪುಡಿ. ಮುಖ ತೊಳೆದು ವಿಭೂತಿ ಇಟ್ಟುಕೊಂಡು ಬೀದಿಯ ಏಳೆಂಟು ಜನ ಬಂದು ಕುಡಿದು ಹೋಗುತ್ತಿದ್ದರು. ಹುಳಿ ಹೆಚ್ಚು ಹಾಕಿ ಎಂದು ಯಾರಾದರೂ ಕೇಳಿದರೆ, "ನಾಲ್ಗೆ ಜುಮ್ ಅನ್ಬೇಕು, ಅಲ್ಲು ಜುಮ್ ಅನ್ಬಾರ್ದು. ಅಷ್ಟೇ ಲೆಕ್ಕ" ಎನ್ನುತ್ತಿದ್ದರು. ಔಷಧಿ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಔಸ್ದಿ ಕಾಯ್ಲೆ ಬಂದೋರ್ಗೆ. ಇದು ಕಾಯ್ಲೆ ಇಲ್ದೋರು ದಿನಾ ಕುಡಿಯೋದು" ಎಂಬುದು ಅವರ ವಾದ. ನನ್ನ ಮಾವ ಎಲ್ಲರಿಗಿಂತ ಕೊನೆಗೆ ಹೋಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುತ್ತಿದ್ದರು. ಅವರು ಕಣ್ಣು ಮುಚ್ಚಿ ಮುಖ ಕಿವುಚಿಕೊಂಡು ಕುಡಿಯುವುದನ್ನು ನೋಡಿ ಅತ್ತೆ, "ಲೋ ತಮ್ಮ, ಮನೆಗೆ ಸೊಸೆ ಬಂದ್ಲು, ಇನ್ನೂ ಎಳೆ ಮಗೀನಂಗೆ ಆಡ್ತೀಯಲ್ಲೋ" ಎಂದು ರೇಗಿಸುವರು. ಮಾವ ಬಾಯಿ ತುಂಬ ನಗುವರು. ಮನೆಯೊಳಗೆ ಅವರು ಹಾಗೆ ನಕ್ಕದ್ದನ್ನು ನಾನು ಕಾಣೆ.

ನಾನು ಮಾಡಿದ ಕೆಲಸವನ್ನು ಇನ್ನು ಹೇಳಿಬಿಡಬೇಕು. ಇಷ್ಟು ಹೊತ್ತು ಅತ್ತೆಯ ಗುಣಗಾನ ಮಾಡುತ್ತಾ ಅದನ್ನು ಮುಂದೂಡಿದ್ದೂ ನನ್ನ ಹಳೆಯ ಚಾಳಿಯೇ.

ನಾನು ಬಂದು ಎರಡನೇ ವರ್ಷ. ದೂರದ ಅಂತರಸಂತೆಯಲ್ಲಿದ್ದ ತಂಗಿಯ ಮಗಳ ಬಾಣಂತನಕ್ಕೆಂದು ಅತ್ತೆ ಹೊರಟರು. ಹೊರಡುವ ಮೊದಲು ಒಂದು ಸಣ್ಣ ಜಾಡಿಯಲ್ಲಿ ಹುಳಿ ತಂದು ನನ್ನ ಕೈಗಿಟ್ಟರು. "ನಿಮ್ಮಾವಂಗೆ ದಿನಾ ಒತ್ತಾರೆ ಒಂದ್ ಚಿಪ್ಪು ಮಾಡ್ಕೊಡು ಮಗ. ಇತ್ತಾಳೆ ತಾಮ್ರ ಮಾತ್ರ ಸೋಕಿಸ್ಬೇಡ, ಇದಕ್ಕೂ ಅದಕ್ಕೂ ಆಗ್ಬರಲ್ಲ" ಎಂದರು. ನಾನು ಹೂಂ ಎಂದೆ. ಈ ಮಾತನ್ನು ಅವರು ಮೊದಲೂ ಹತ್ತು ಸಲ ಹೇಳಿದ್ದರಿಂದ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡೆ.

ಅದೇ ವಾರ ಅಪ್ಪ ನನ್ನನ್ನು ನೋಡಲು ಬರುವವರಿದ್ದರು. ಮದುವೆಯಾದ ಮೇಲೆ ಅವರು ಬರುತ್ತಿದ್ದದ್ದು ಅದೇ ಮೊದಲು. ಮಗಳು ಗಂಡನ ಮನೆಯಲ್ಲಿ ಎಷ್ಟು ಚೆನ್ನಾಗಿ ಸಂಸಾರ ಮಾಡುತ್ತಿದ್ದಾಳೆಂದು ಅಪ್ಪ ನೋಡಬೇಕು, ನಾನು ತಂದ ಪಾತ್ರೆಗಳು ಎಷ್ಟು ಒಳ್ಳೆಯವೆಂದು ಮಾವ ನೋಡಬೇಕು. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಅಪ್ಪ ಕೊಟ್ಟಿದ್ದ ಹಿತ್ತಾಳೆ ಚೊಂಬನ್ನು ಹೊರತೆಗೆದೆ. ಒಳಗೆ ಬಳಿದ ತವರದ ಕಲಾಯಿ ಅಲ್ಲಲ್ಲಿ ಹೋಗಿ, ತೊನ್ನು ಹಿಡಿದ ಹಾಗೆ ಕಾಣುತ್ತಿತ್ತು. ಕಲಾಯಿಯವನು ಬರುವವರೆಗೆ ಕಾಯಬೇಕಿತ್ತು. ನಾನು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಮಧ್ಯಾಹ್ನವಿಡೀ ತಿಕ್ಕಿ, ಉಳಿದಿದ್ದ ಕಲಾಯಿಯನ್ನೂ ಹೋಗಲಾಡಿಸಿ, ಒಳಗೂ ಹೊರಗೂ ಒಂದೇ ಸಮ ಬಂಗಾರದ ಹಾಗೆ ಹೊಳೆಯಿಸಿದೆ. ಅತ್ತೆಯ ಜಾಡಿಯ ಅಂಚು ಒಡೆದಿತ್ತು. ಅಪ್ಪನ ಮುಂದೆ ಅದನ್ನು ತರುವುದೇ ಎಂದು, ಸಂಜೆ ಹುಳಿಯನ್ನು ಚೊಂಬಿಗೆ ಸುರಿದು ಮುಚ್ಚಿಟ್ಟೆ. ಮಜ್ಜಿಗೆಯನ್ನು ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಇಡಬಾರದೆಂದು ಚಿಕ್ಕಂದಿನಿಂದ ಬಲ್ಲವಳು ನಾನು. ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಹೊಳಪು ಬಿಟ್ಟು ಬೇರೇನೂ ಕಾಣಲಿಲ್ಲ.

ಬೆಳಿಗ್ಗೆ ಅಪ್ಪ ಬರಬೇಕಿದ್ದ ಬಸ್ಸು ತಡವಾಯಿತು. ಮಾವ ಎಂದಿನ ಹೊತ್ತಿಗೆ ಜಗಲಿಗೆ ಬಂದು ಕೂತರು. ಚೊಂಬಿನಿಂದಲೇ ಬಗ್ಗಿಸಿ, ನೀರು ಬೆರೆಸಿ ಕೊಟ್ಟೆ. ಒಂದು ಗುಟುಕು ಕುಡಿದು, "ಇವತ್ಯಾಕೋ ಒಂಥರಾ ಐತಲ್ಲವ್ವ" ಎಂದರು. ನಾನು ಪೆಚ್ಚಾದದ್ದನ್ನು ಕಂಡಿರಬೇಕು, ಸೊಸೆಯ ಮನಸ್ಸು ನೋಯದಿರಲೆಂದು ಪೂರ್ತಿ ಕುಡಿದರು.

ಸ್ವಲ್ಪ ಹೊತ್ತಿನಲ್ಲೇ ವಾಂತಿ ಶುರುವಾಯಿತು. ನಿಲ್ಲಲೇ ಇಲ್ಲ. ನನ್ನ ಗಂಡ ಗಾಡಿ ಕಟ್ಟಿ ಅವರನ್ನು ಕೃಷ್ಣರಾಜನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮನೆಯಲ್ಲಿ ನಾನೊಬ್ಬಳೇ ಉಳಿದು ಚೊಂಬಿನ ಮುಚ್ಚಳ ತೆಗೆದು ನೋಡಿದೆ. ಕಂಠದ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಉಳಿದ ಹುಳಿಯನ್ನು ಬಚ್ಚಲಿಗೆ ಚೆಲ್ಲಿ, ಚೊಂಬನ್ನು ಬೂದಿ ಹಾಕಿ ಬೆಳಗಿ, ಅಟ್ಟದ ಮೂಲೆಗೆ ಸೇರಿಸಿದೆ. ಅತ್ತೆಯ ಜಾಡಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟೆ. ಮಧ್ಯಾಹ್ನ ಅಪ್ಪ ಬಂದಾಗ, ಮಾವನಿಗೆ ಹುಷಾರಿಲ್ಲ ಎಂದಷ್ಟೇ ಹೇಳಿದೆ.

ಮಾವ ಎರಡು ದಿನದಲ್ಲಿ ಚೇತರಿಸಿಕೊಂಡರು. ಏನು ಕುಡಿದಿದ್ದರು ಎಂದು ಡಾಕ್ಟರು ಕೇಳಿದ್ದಕ್ಕೆ ನನ್ನ ಗಂಡ ಕಡಲೆಹುಳಿ ಎಂದಿದ್ದರು. ಅಷ್ಟು ಸಾಕಾಯಿತು. ಅತ್ತೆ ಊರಿಗೆ ಬರುವ ಹೊತ್ತಿಗೆ, ಅವರ ಹುಳಿ ಕುಡಿದು ಮನುಷ್ಯ ಸಾಯುವ ಹಾಗಾಗಿದ್ದನೆಂದು ಬೀದಿಯ ತುಂಬ ಗುಲ್ಲಾಗಿತ್ತು.

ಅತ್ತೆ ಕೈಲಿದ್ದ ಬಟ್ಟೆಯ ಗಂಟನ್ನೂ ಕೆಳಗಿಡದೆ ನೇರ ನಮ್ಮ ಮನೆಗೆ ಬಂದರು. ನನ್ನ ಗಂಡ ನಡುಮನೆಯಲ್ಲಿ ನಿಂತಿದ್ದರು. ಮಾವ ಊಟ ಮುಗಿಸಿ ಒಳಗೆ ಅಡ್ಡಾಗಿದ್ದರು.

"ಯಾವ್ದರಲ್ಲಿ ಇಟ್ಟಿದ್ದೆ ಮಗ ಹುಳೀನ?" ಎಂದು ಅತ್ತೆ ನನ್ನನ್ನು ಕೇಳಿದರು.

ಹೇಳಿದರೆ ಅಪ್ಪ ಕೊಟ್ಟ ಚೊಂಬಿಗೆ, ಅಪ್ಪನ ಹೆಸರಿಗೆ, ನನ್ನ ತವರಿಗೆ ಕೆಟ್ಟ ಮಾತು ಬರುತ್ತದೆ. ಮಾವನಿಗೆ ವಿಷ ಕೊಟ್ಟ ಸೊಸೆ ಎನ್ನುತ್ತಾರೆ. ಇವೆಲ್ಲ ಒಂದೇ ಉಸಿರಿನಲ್ಲಿ ಹೊಳೆದವು.

"ನಿಮ್ಮ ಜಾಡೀಲೇ ಅತ್ತೆ" ಎಂದೆ.

ಅತ್ತೆ ಜಾಡಿಯನ್ನು ಎತ್ತಿ ಮೂಸಿದರು. ಒಳಗೆ ಬೆರಳಾಡಿಸಿ ನಾಲಗೆಗೆ ಮುಟ್ಟಿಸಿಕೊಂಡರು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ನಿಂತರು. ನಾನು ನೆಲ ನೋಡಿದೆ. ಅಷ್ಟರಲ್ಲಿ ನನ್ನ ಗಂಡ ತಡೆಯಲಾರದೆ, "ಅತ್ತೆ, ಇನ್ಮೇಲೆ ನಮ್ಮಪ್ಪಂಗೆ ನೀವು ಏನೂ ಕೊಡ್ಬೇಡಿ. ಡಾಕ್ಟ್ರು ಇಲ್ದಿದ್ರೆ ಮಣ್ಣು ಮಾಡ್ಬೇಕಾಗ್ತಿತ್ತು" ಎಂದುಬಿಟ್ಟರು.

"ಅಂಗಾದ್ರೆ ನನ್ ಹುಳಿನೇ ಕೆಟ್ಟಿರ್ಬೇಕು ಬುಡಪ್ಪ" ಎಂದು ಅತ್ತೆ ಜಾಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟುಹೋದರು.

ಮರುದಿನ ಬೆಳಿಗ್ಗೆಯೂ ಅವರ ಜಗಲಿಯ ಮೇಲೆ ಚಿಪ್ಪುಗಳ ಸಾಲು ಇತ್ತು. ಯಾರೂ ಬರಲಿಲ್ಲ. ಅತ್ತೆ ಒಬ್ಬರೇ ಕುಡಿದು, ಮಿಕ್ಕ ಚಿಪ್ಪುಗಳನ್ನು ಒಂದರೊಳಗೊಂದು ಜೋಡಿಸಿ ಒಳಗೆ ಒಯ್ದರು. ಒಂದು ವಾರ ಹೀಗೇ ನಡೆಯಿತು. ಆಮೇಲೆ ಚಿಪ್ಪುಗಳು ಹೊರಗೆ ಬರಲಿಲ್ಲ. ಮುಂದಿನ ಪುಷ್ಯದಲ್ಲಿ ಅವರು ಹೊಲದಲ್ಲಿ ಬಟ್ಟೆ ಹಾಸಲಿಲ್ಲ. ಮಾವ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಕೂತು ಎದುರು ಬೀದಿಯನ್ನು ನೋಡುತ್ತಿದ್ದರು, ಪಕ್ಕಕ್ಕೆ ತಿರುಗುತ್ತಿರಲಿಲ್ಲ. ಎದುರಾದರೆ ಅಕ್ಕ ತಮ್ಮ ಇಬ್ಬರೂ ಮಳೆ ಬೆಳೆ ವಿಚಾರಿಸಿಕೊಳ್ಳುತ್ತಿದ್ದರು, ಅಷ್ಟೆ. ಅತ್ತೆ ನನ್ನ ಮೇಲೆ ಒಂದು ದಿನವೂ ಮುನಿಸು ತೋರಲಿಲ್ಲ. ನನ್ನ ಮೊದಲ ಬಾಣಂತನ ತವರಿನಲ್ಲಾದರೆ ಎರಡನೆಯದನ್ನು ಅವರೇ ಮಾಡಿದರು. ಎಣ್ಣೆ ತೀಡಿ ನೀರು ಹಾಕುವಾಗ ಅವರ ಆ ನುಣುಪು ಬೆರಳುಗಳು ಬೆನ್ನಿಗೆ ತಾಗಿದರೆ ನನಗೆ ಅಳು ಬರುತ್ತಿತ್ತು. ಬಿಸಿನೀರು ಹೆಚ್ಚಾಯಿತೇ ಎಂದು ಅವರು ಕೇಳುತ್ತಿದ್ದರು, ನಾನು ಹೌದು ಎನ್ನುತ್ತಿದ್ದೆ.

ನಾಲ್ಕು ವರ್ಷ ಕಳೆಯಿತು. ಒಂದು ಮಳೆಗಾಲ ಅತ್ತೆ ಎದೆ ಕಟ್ಟಿ, ಜ್ವರ ಬಂದು ಹಾಸಿಗೆ ಹಿಡಿದರು. ಗಂಜಿ ಕೊಡಲು ಹೋದವಳು ಅವರ ಪಕ್ಕ ಕೂತು, ಹೇಗೆ ಶುರುಮಾಡಿದೆನೋ ಗೊತ್ತಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಚೊಂಬು, ಕಲಾಯಿ, ಕಿಲುಬು, ಸುಳ್ಳು, ಎಲ್ಲ.

ಅತ್ತೆ ಕಣ್ಣು ಮುಚ್ಚಿಕೊಂಡೇ, "ಗೊತ್ತು ಕಣೆ" ಎಂದರು. "ಅವತ್ತು ನಿನ್ ಮಕ ನೋಡ್ದಾಗ್ಲೇ ಗೊತ್ತಾಯ್ತು."

"ಯಾಕತ್ತೆ ಹೇಳ್ಲಿಲ್ಲ?"

"ನೀನೇ ಏಳ್ತೀಯ ಅಂತ ಕಾದೆ. ಇವತ್ ಏಳ್ತಾಳೆ, ನಾಳೆ ಏಳ್ತಾಳೆ ಅಂತ. ಆಮೇಲೆ ನಂಗೂ ಬ್ಯಾಸರ ಆಯ್ತು." ಸ್ವಲ್ಪ ಕೆಮ್ಮಿ ಸುಧಾರಿಸಿಕೊಂಡರು. "ನಂಗೇಳಿ ಏನ್ ಮಾಡ್ತೀಯ ಮಗ, ಗೊತ್ತಿರೋಳಿಗೆ? ನಿಮ್ಮಾವಂಗೇಳು. ಇವತ್ತೇ ಏಳು. ಅವ್ನೊಬ್ಬ ತಿಳ್ಕೊಂಡ್ರೆ ಸಾಕು ನಂಗೆ."

ಹೂಂ ಎಂದು ಬಂದೆ. ಸಂಜೆ ಮಾವ ಗದ್ದೆಗೆ ನೀರು ಕಟ್ಟಿ ದಣಿದು ಬಂದಿದ್ದರು. ತಟ್ಟೆ ಹಾಕಿ, ಎದುರಿಗೆ ನಿಂತು, ಬಾಯಿ ತೆರೆದೆ. "ಇನ್ನೊಂದು ಮುದ್ದೆ ಹಾಕ್ಲಾ ಮಾವ?" ಎಂಬ ಮಾತು ಬಂತು. ಮರುದಿನ ಯಾರೋ ನೆಂಟರು ಬಂದಿದ್ದರು. ಅದರ ಮರುದಿನ ಮಗುವಿಗೆ ಮೈ ಬೆಚ್ಚಗಿತ್ತು. ಹೇಳದಿರುವವಳಿಗೆ ದಿನಕ್ಕೊಂದು ಕಾರಣ ಸಿಕ್ಕೇ ಸಿಗುತ್ತದೆ. ಗಂಜಿ ಕೊಡಲು ಹೋದಾಗಲೆಲ್ಲ ಅತ್ತೆ ನನ್ನ ಮುಖ ನೋಡುತ್ತಿದ್ದರು, ಕೇಳುತ್ತಿರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಬಾಗಿಲು ತಟ್ಟಿದರೆ ತೆರೆಯಲಿಲ್ಲ.

ಮಣ್ಣು ಮಾಡಿ ಬಂದು, ಎಲ್ಲರೂ ಸ್ನಾನ ಮುಗಿಸಿ ಅವರವರ ಮನೆಗೆ ಹೋದ ಮೇಲೆ, ಸಂಜೆ ಬೆಳಕಿನಲ್ಲಿ ಮಾವ ಒಬ್ಬರೇ ಜಗಲಿಯ ಮೇಲೆ ಕೂತಿದ್ದರು. ಹೋಗಿ ಅವರ ಕಾಲ ಹತ್ತಿರ ಕುಳಿತು ಹೇಳಿದೆ. ನಾಲ್ಕು ವರ್ಷ ಬಾರದ ಮಾತು ಅತ್ತೆಯಿಲ್ಲದ ದಿನ ಸರಾಗವಾಗಿ ಬಂತು. ಅತ್ತೆ ಮೂರು ದಿನದ ಹಿಂದೆ ಹೇಳಿದ್ದನ್ನೂ ಸೇರಿಸಿ ಹೇಳಿದೆ. ಬೈಯುತ್ತಾರೆ, ತವರಿಗೆ ನಡಿ ಎನ್ನುತ್ತಾರೆ ಎಂದುಕೊಂಡು ತಲೆ ತಗ್ಗಿಸಿ ಕಾದೆ.

ಮಾವ ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡರು.

"ಇಷ್ಟೇನಾ?" ಎಂದರು. "ಚೊಂಬಿಗೆ ಕಲಾಯಿ ಆಕ್ಸಿದ್ರೆ ಆಗೋಗ್ತಿತ್ತಲ್ಲವ್ವ."

ನಾನು ಅಳುತ್ತಿದ್ದೆ. ಅವರು ಆಚೆಮನೆಯ ಖಾಲಿ ಜಗಲಿಯ ಕಡೆ ತಿರುಗಿ ಹೇಳಿದರು.

"ನನ್ ಮಗ ಅವ್ಳಿಗೆ ಅಂಗಂದ್ಮೇಲೆ ಯಾವ್ ಮಕ ಇಟ್ಕೊಂಡು ಓಗ್ಲಿ ಅಂತ ಕೂತಿದ್ದೆ ಕಣವ್ವ ನಾನು. ಮೊನ್ನೆ ಏಳಿದ್ರೂ ಆಗ್ತಿತ್ತು. ಓಗಿ, ಅಕ್ಕಾ ಒಂದ್ ಚಿಪ್ಪು ಕೊಡು ಅಂತ ಕೇಳ್ಬುಟ್ಟು ಬತ್ತಿದ್ದೆ."